ಲೇಡಿ ಮ್ಯಾಕ್‌ಬೆತ್ ಬಗ್ಗೆ ಮೂರು ಪುಟ ಬರೆದೆ, ಮಾರ್ಕ್ಸ್ ಯಾಕೆ ಬರಲಿಲ್ಲ?

ಪ್ರಶ್ನೆ: ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಓದುತ್ತಿದ್ದೇನೆ. ನಮಗೆ ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕ ಇದೆ. ಕಥೆ ಪೂರ್ತಿ ಗೊತ್ತು. ಮುಖ್ಯವಾದ ಸಾಲುಗಳು ಬಾಯಿಗೆ ಬರುತ್ತವೆ. ಆದರೂ ಪಾತ್ರದ ಬಗ್ಗೆ ಪ್ರಶ್ನೆ ಬಂದರೆ ಅರ್ಧಕ್ಕಿಂತ ಕಡಿಮೆ ಮಾರ್ಕ್ಸ್. ಪ್ರತಿ ಸಲ ಪಕ್ಕದಲ್ಲಿ 'ಬರೀ ವಿವರಣೆ, ವಿಶ್ಲೇಷಣೆ ಇಲ್ಲ' ಅಂತ ಬರೆದಿರುತ್ತಾರೆ. ನಾನು ಬರೆದಿದ್ದು ಹೀಗಿತ್ತು: 'ಲೇಡಿ ಮ್ಯಾಕ್‌ಬೆತ್ ಅಧಿಕಾರದ ಆಸೆ ಇರುವ ಕ್ರೂರ ಹೆಂಗಸು. ಗಂಡನನ್ನು ಹಂಗಿಸಿ ರಾಜನನ್ನು ಕೊಲ್ಲಿಸುತ್ತಾಳೆ. ಆಮೇಲೆ ಪಶ್ಚಾತ್ತಾಪದಿಂದ ಹುಚ್ಚು ಹಿಡಿದು ಸಾಯುತ್ತಾಳೆ.' ಇದರಲ್ಲಿ ತಪ್ಪೇನಿದೆ? ವಿಶ್ಲೇಷಣೆ ಅಂದರೆ ಇನ್ನೇನು ಬರೆಯಬೇಕು?

ಉತ್ತರ: ಈ ಮೂರು ವಾಕ್ಯಗಳಲ್ಲಿ ದೊಡ್ಡ ತಪ್ಪೇನೂ ಇಲ್ಲ. ತೊಂದರೆ ಬೇರೆ ಕಡೆ ಇದೆ. ನಾಟಕವನ್ನು ಓದದೆ, ಯಾರೋ ಹೇಳಿದ ಕಥೆಯನ್ನು ಕೇಳಿಸಿಕೊಂಡವರೂ ಇದನ್ನು ಬರೆಯಬಹುದು. ನೀವು ನಾಟಕ ಓದಿದ್ದೀರಿ, ಸಾಲುಗಳೂ ಬರುತ್ತವೆ. ಆದರೆ ಆ ಓದು ಉತ್ತರದಲ್ಲಿ ಎಲ್ಲೂ ಕಾಣುವುದಿಲ್ಲ. ನಿಮ್ಮ ಯಾವುದೇ ಉತ್ತರವನ್ನು ಪರೀಕ್ಷಿಸಲು ಇದೇ ಸುಲಭದ ದಾರಿ. ಒಂದೊಂದೇ ವಾಕ್ಯ ತೆಗೆದುಕೊಂಡು, 'ಕಥೆ ಮಾತ್ರ ಗೊತ್ತಿರುವವರು ಇದನ್ನು ಬರೆಯಬಹುದಾ?' ಅಂತ ಕೇಳಿಕೊಳ್ಳಿ. ಹೌದು ಅಂತಾದರೆ ಆ ವಾಕ್ಯಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಈಗ ನಿಮ್ಮ ವಾಕ್ಯಗಳ ಕರ್ತೃ ಯಾರು ನೋಡಿ. ಲೇಡಿ ಮ್ಯಾಕ್‌ಬೆತ್ ಹೀಗಿದ್ದಾಳೆ, ಅವಳು ಕೊಲ್ಲಿಸುತ್ತಾಳೆ, ಅವಳು ಸಾಯುತ್ತಾಳೆ. ಎಲ್ಲ ಕಡೆ ಅವಳೇ. ಶೇಕ್ಸ್‌ಪಿಯರ್ ಎಲ್ಲಿ ಹೋದ? ಅವಳ ಬಾಯಲ್ಲಿ ಆ ಮಾತನ್ನು ಇಟ್ಟವನು ಅವನು. ಆ ದೃಶ್ಯವನ್ನು ಅಲ್ಲೇ ಇಟ್ಟವನೂ ಅವನೇ. ಪಾತ್ರ ಏನು ಮಾಡುತ್ತದೆ ಅಂತ ಹೇಳಿದರೆ ವಿವರಣೆ. ಬರೆದವನು ಆ ಪಾತ್ರವನ್ನು ಯಾವ ಮಾತಿನಿಂದ, ಯಾವ ಜಾಗದಲ್ಲಿ, ಯಾಕೆ ಹಾಗೆ ಕಟ್ಟಿದ ಅಂತ ಹೇಳಿದರೆ ವಿಶ್ಲೇಷಣೆ. ಹಾಗಂತ ಪ್ರತಿ ವಾಕ್ಯಕ್ಕೂ ಸುಮ್ನೆ 'ಶೇಕ್ಸ್‌ಪಿಯರ್ ತೋರಿಸುತ್ತಾನೆ' ಅಂತ ಸೇರಿಸಿದರೆ ಕೆಲಸ ಆಗುವುದಿಲ್ಲ. 'ಅವಳು ಕ್ರೂರಿ ಎಂದು ಶೇಕ್ಸ್‌ಪಿಯರ್ ತೋರಿಸುತ್ತಾನೆ' ಅನ್ನುವುದೂ ವಿವರಣೆಯೇ. ಹೇಗೆ ತೋರಿಸುತ್ತಾನೆ ಅನ್ನುವುದು ಬರಬೇಕು.

ಇದು ವಿಮರ್ಶಕರ ನಡುವೆಯೂ ಹಳೆಯ ಜಗಳ. ಎ. ಸಿ. ಬ್ರಾಡ್ಲಿ 1904ರ ತಮ್ಮ ಪುಸ್ತಕದಲ್ಲಿ ಶೇಕ್ಸ್‌ಪಿಯರ್‌ನ ದುರಂತ ನಾಟಕಗಳ ಪಾತ್ರಗಳನ್ನು ಹೆಚ್ಚುಕಮ್ಮಿ ನಿಜವಾದ ಮನುಷ್ಯರ ಹಾಗೆಯೇ ಚರ್ಚಿಸಿದರು. ಅವರ ಮನಸ್ಸಿನಲ್ಲಿ ಏನಿತ್ತು, ನಾಟಕ ಶುರುವಾಗುವ ಮೊದಲು ಏನು ನಡೆದಿರಬಹುದು, ಹೀಗೆ. 1933ರಲ್ಲಿ ಎಲ್. ಸಿ. ನೈಟ್ಸ್ ಇದನ್ನು ಗೇಲಿ ಮಾಡಿ ಒಂದು ಪ್ರಬಂಧ ಬರೆದರು. ಅದರ ಶೀರ್ಷಿಕೆಯೇ 'ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು?' ಅವಳು ಒಂದು ಕಡೆ ತಾನು ಮಗುವಿಗೆ ಹಾಲೂಡಿಸಿದವಳು ಅನ್ನುತ್ತಾಳೆ. ನಾಟಕದಲ್ಲಿ ಮಗು ಎಲ್ಲೂ ಇಲ್ಲ. ಹಾಗಾದರೆ ಆ ಮಗು ಏನಾಯಿತು ಅಂತ ತಲೆ ಕೆಡಿಸಿಕೊಳ್ಳುವುದು ವ್ಯರ್ಥ, ನಮ್ಮ ಮುಂದಿರುವುದು ಮಾತುಗಳು ಮಾತ್ರ ಅನ್ನುವುದು ನೈಟ್ಸ್ ವಾದ. ನನ್ನ ಪ್ರಕಾರ ಇಬ್ಬರದ್ದೂ ಅರ್ಧರ್ಧ ಸರಿ. ಪಾತ್ರವನ್ನು ಮನುಷ್ಯರ ಹಾಗೆ ನೋಡದೆ ಹೋದರೆ ನಾಟಕ ಯಾರನ್ನೂ ತಟ್ಟುವುದಿಲ್ಲ. ಓದುವಾಗ ಬ್ರಾಡ್ಲಿ ಥರ ಓದಿ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ನೈಟ್ಸ್ ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನು ನಿಮ್ಮ ಮೂರು ವಾಕ್ಯಗಳಿಗೆ ಬರೋಣ. ಒಂದೊಂದನ್ನೂ ನಾಟಕದ ಮುಂದೆ ಇಟ್ಟು ನೋಡಿದರೆ ಅವು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

'ಕ್ರೂರ ಹೆಂಗಸು' ಅಂದಿರಿ. ಮೊದಲ ಅಂಕದ ಐದನೇ ದೃಶ್ಯದಲ್ಲಿ ಅವಳು ದುಷ್ಟಶಕ್ತಿಗಳನ್ನು ಕರೆದು, ನನ್ನೊಳಗಿನ ಹೆಣ್ತನವನ್ನು ಕಿತ್ತುಹಾಕಿ, ಅಡಿಯಿಂದ ಮುಡಿಯವರೆಗೆ ಕ್ರೌರ್ಯ ತುಂಬಿ ಅಂತ ಬೇಡುತ್ತಾಳೆ. ಈಗಾಗಲೇ ಕ್ರೂರಿಯಾಗಿದ್ದವಳು ಕ್ರೌರ್ಯವನ್ನು ಬೇಡುವುದು ಯಾಕೆ? ಇಲ್ಲದ್ದನ್ನು ತಾನೇ ಬೇಡುವುದು? ಎರಡನೇ ಅಂಕದಲ್ಲಿ, ಗಂಡ ಕೊಲೆ ಮಾಡಲು ಒಳಗೆ ಹೋಗಿರುವಾಗ, ಅವಳೇ ಇನ್ನೊಂದು ಮಾತು ಹೇಳುತ್ತಾಳೆ. ಮಲಗಿದ್ದ ರಾಜ ತನ್ನ ತಂದೆಯ ಹಾಗೆ ಕಾಣದಿದ್ದರೆ ತಾನೇ ಕೆಲಸ ಮುಗಿಸುತ್ತಿದ್ದೆ ಅಂತ. ಒಂದೇ ಸಾಲು. ಆದರೆ ಆ ಸಾಲು 'ಕ್ರೂರಿ' ಅನ್ನುವ ಹಣೆಪಟ್ಟಿಯನ್ನು ಸಡಿಲ ಮಾಡಿಬಿಡುತ್ತದೆ. ಅವಳು ಕ್ರೂರಿ ಅಲ್ಲವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಕ್ರೂರಿಯಾಗಲು ತನ್ನ ಮೇಲೆ ತಾನೇ ಬಲವಂತ ಮಾಡಿಕೊಳ್ಳುತ್ತಿರುವವಳು ಅಂತ ಬರೆದರೆ ಅಲ್ಲಿಂದ ಒಂದು ವಾದ ಹುಟ್ಟುತ್ತದೆ. 'ಕ್ರೂರಿ' ಅಂತ ಮಾತ್ರ ಬರೆದರೆ ಅಲ್ಲಿಗೇ ಮುಗಿಯಿತು.

'ಪಶ್ಚಾತ್ತಾಪದಿಂದ' ಅಂದಿರಿ. ಐದನೇ ಅಂಕದ ಮೊದಲ ದೃಶ್ಯದಲ್ಲಿ ಅವಳು ನಿದ್ದೆಯಲ್ಲಿ ನಡೆಯುತ್ತಾ ಮಾತಾಡುತ್ತಾಳೆ. ಆ ಮಾತುಗಳನ್ನು ಮತ್ತೊಮ್ಮೆ ಓದಿ. ರಕ್ತದ ಕಲೆ ಇದೆ, ವಾಸನೆ ಇದೆ, ಆ ಮುದುಕನ ಮೈಯಲ್ಲಿ ಇಷ್ಟೊಂದು ರಕ್ತ ಇತ್ತಾ ಅನ್ನುವ ಬೆರಗು ಇದೆ. ಕ್ಷಮೆ ಕೇಳುವ ಮಾತು ಇಲ್ಲ. ಹಾಗಾದರೆ ಅದು ಪಶ್ಚಾತ್ತಾಪವೋ, ಭಯವೋ, ಅದುಮಿಟ್ಟ ನೆನಪು ಮೇಲೆದ್ದು ಬಂದಿರುವುದೋ? ನೋಡುತ್ತಾ ನಿಂತಿರುವ ವೈದ್ಯ ಮಾತ್ರ, ಇವಳಿಗೆ ಬೇಕಿರುವುದು ವೈದ್ಯನಿಗಿಂತ ಹೆಚ್ಚಾಗಿ ಪಾದ್ರಿ ಅನ್ನುತ್ತಾನೆ. ಅಂದರೆ ಅವನು ಇದನ್ನು ಪಾಪದ ಭಾರ ಅಂತ ಓದುತ್ತಾನೆ. ನೀವು ಅವನ ಮಾತನ್ನು ಒಪ್ಪಬಹುದು, ಬಿಡಬಹುದು. ಎರಡನ್ನೂ ತೂಗಿ ಒಂದು ಕಡೆ ವಾಲಿದರೆ ಸಾಕು. ಮೇಲಿನ ದರ್ಜೆಯ ಮಾರ್ಕ್ಸ್ ಸಿಗುವುದು ಇಂಥ ತೂಕಕ್ಕೇ.

'ಹುಚ್ಚು ಹಿಡಿದು ಸಾಯುತ್ತಾಳೆ' ಅನ್ನುವುದು ಇನ್ನೂ ಮಜಾ. ಅವಳ ಸಾವು ರಂಗದ ಮೇಲೆ ನಡೆಯುವುದೇ ಇಲ್ಲ. ಒಳಗಿನಿಂದ ಹೆಂಗಸರು ಕೂಗಿದ ಸದ್ದು ಕೇಳುತ್ತದೆ. ರಾಣಿ ಸತ್ತಳು ಅಂತ ಒಬ್ಬ ಬಂದು ಹೇಳುತ್ತಾನೆ. ತನ್ನ ಕೈಯಾರೆ ಪ್ರಾಣ ಕಳೆದುಕೊಂಡಳು ಅನ್ನುವುದು ನಮಗೆ ತಿಳಿಯುವುದು ನಾಟಕದ ಕೊನೆಯ ಮಾತಿನಲ್ಲಿ, ಅದೂ 'ಹಾಗೆ ಅಂದುಕೊಂಡಿದ್ದಾರೆ' ಅನ್ನುವ ಧಾಟಿಯಲ್ಲಿ. ಮೊದಲ ಅಂಕದಲ್ಲಿ ವೇದಿಕೆಯನ್ನು ತುಂಬಿಕೊಂಡಿದ್ದವಳನ್ನು ಶೇಕ್ಸ್‌ಪಿಯರ್ ಕೊನೆಗೆ ಒಂದು ಸುದ್ದಿಯ ಮಟ್ಟಕ್ಕೆ ಇಳಿಸುತ್ತಾನೆ. ಮೂರನೇ ಅಂಕದ ಔತಣದ ದೃಶ್ಯ ಮುಗಿದ ಮೇಲೆ ಐದನೇ ಅಂಕದವರೆಗೆ ಅವಳು ಕಾಣಿಸಿಕೊಳ್ಳುವುದೇ ಇಲ್ಲ. ಪಾತ್ರ ಇಲ್ಲದಿರುವುದೂ ಲೇಖಕನ ಆಯ್ಕೆಯೇ. ಅದರ ಬಗ್ಗೆಯೂ ಬರೆಯಬಹುದು ಅಂತ ತುಂಬಾ ಜನರಿಗೆ ಹೊಳೆಯುವುದಿಲ್ಲ.

ಈಗ ಮುಖ್ಯವಾದ ಉಪಾಯಕ್ಕೆ ಬರುತ್ತೇನೆ. ಇಡೀ ಪಾತ್ರವನ್ನು ಹಿಡಿಯಲು ಹೋಗಬೇಡಿ. ಒಂದಕ್ಕೊಂದು ದೂರ ಇರುವ ಎರಡು ಕ್ಷಣಗಳನ್ನು ಆರಿಸಿ. ಅವುಗಳ ನಡುವಿನ ಅಂತರವೇ ನಿಮ್ಮ ಉತ್ತರ. ಇದಕ್ಕೆ ಲೇಡಿ ಮ್ಯಾಕ್‌ಬೆತ್‌ಗಿಂತ ಒಳ್ಳೆಯ ಪಾತ್ರ ಸಿಗುವುದು ಕಷ್ಟ.

ಕೊಲೆ ನಡೆದ ರಾತ್ರಿ. ಮ್ಯಾಕ್‌ಬೆತ್ ರಕ್ತ ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡು, ಸಮುದ್ರವೆಲ್ಲ ಸೇರಿದರೂ ಇದು ತೊಳೆದುಹೋಗುತ್ತದಾ ಅಂತ ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು 'ಅ ಲಿಟಲ್ ವಾಟರ್' ಸಾಕು ಅನ್ನುತ್ತಾಳೆ. ಅವನಿಗೆ ಸಮುದ್ರ ಸಾಲದು, ಅವಳಿಗೆ ಒಂದಿಷ್ಟು ನೀರು ಸಾಕು. ಈಗ ಐದನೇ ಅಂಕಕ್ಕೆ ಹೋಗಿ. ನಿದ್ದೆಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಅವಳು, ಅರೇಬಿಯಾದ ಸುಗಂಧವೆಲ್ಲ ಸೇರಿದರೂ 'ದಿಸ್ ಲಿಟಲ್ ಹ್ಯಾಂಡ್' ಅನ್ನು ಹಸನು ಮಾಡಲಾರವು ಅನ್ನುತ್ತಾಳೆ. ಇದು ಯಾರ ಮಾತಿನ ಧಾಟಿ? ಅವತ್ತು ಗಂಡ ಆಡಿದ ಮಾತಿನದ್ದು. ಅವನ ಸಮುದ್ರದ ಜಾಗಕ್ಕೆ ಅವಳ ಸುಗಂಧ ಬಂದಿದೆ, ಅಷ್ಟೇ. ಅವನು ಅವತ್ತು ನಿಂತಿದ್ದ ಜಾಗಕ್ಕೆ ಅವಳು ಈಗ ಬಂದು ತಲುಪಿದ್ದಾಳೆ. ಅವನು? ಅದೇ ಐದನೇ ಅಂಕದಲ್ಲಿ, ಭಯದ ರುಚಿಯೇ ತನಗೆ ಮರೆತುಹೋದಂತಾಗಿದೆ ಅನ್ನುತ್ತಾನೆ. ಇಬ್ಬರೂ ಎದುರುಬದುರು ದಾರಿಯಲ್ಲಿ ನಡೆದು ಒಬ್ಬರನ್ನೊಬ್ಬರು ದಾಟಿ ಹೋಗಿದ್ದಾರೆ.

ಇನ್ನೊಂದು ಜೋಡಿ ನೋಡಿ. ಮೊದಲ ಅಂಕದಲ್ಲಿ ಅವಳು ಕತ್ತಲನ್ನು ಕರೆಯುತ್ತಾಳೆ, ತನ್ನ ಚಾಕುವಿಗೂ ಗಾಯ ಕಾಣದಷ್ಟು ದಟ್ಟ ರಾತ್ರಿ ಬರಲಿ ಅಂತ. ಐದನೇ ಅಂಕದಲ್ಲಿ ಸೇವಕಿ ವೈದ್ಯನಿಗೆ ಏನು ಹೇಳುತ್ತಾಳೆ ಗೊತ್ತಾ? ರಾಣಿಯ ಪಕ್ಕದಲ್ಲಿ ಯಾವಾಗಲೂ ದೀಪ ಇರಬೇಕು, ಅದು ಅವರದ್ದೇ ಅಪ್ಪಣೆ ಅಂತ. ಕತ್ತಲು ಬೇಕು ಅಂದವಳಿಗೆ ಈಗ ದೀಪವಿಲ್ಲದೆ ಆಗುವುದಿಲ್ಲ. ಇದನ್ನು ಅವಳ ಬಾಯಿಂದ ಹೇಳಿಸದೆ ಸೇವಕಿಯ ಬಾಯಿಂದ ಹೇಳಿಸಿರುವುದನ್ನೂ ಗಮನಿಸಿ. ಮೊದಲ ಅಂಕದಲ್ಲಿ ತನ್ನ ಬಗ್ಗೆ ತಾನೇ ಪದ್ಯದಲ್ಲಿ, ಆಜ್ಞೆಯ ದನಿಯಲ್ಲಿ ಮಾತಾಡುತ್ತಿದ್ದವಳ ಬಗ್ಗೆ ಈಗ ಬೇರೆಯವರು ಮಾತಾಡುತ್ತಾರೆ. ಅವಳ ಮಾತು ಗದ್ಯಕ್ಕೆ ಇಳಿದಿದೆ, ತುಂಡುತುಂಡಾಗಿದೆ. ತನ್ನನ್ನು ಇಬ್ಬರು ನೋಡುತ್ತಿದ್ದಾರೆ ಅನ್ನುವುದೂ ಅವಳಿಗೆ ಗೊತ್ತಿಲ್ಲ.

ಇಷ್ಟು ಕೈಯಲ್ಲಿದ್ದರೆ ನಿಮ್ಮ ಪ್ಯಾರಾ ಹೀಗೆ ಬದಲಾಗಬಹುದು. ಇಂಗ್ಲಿಷ್‌ನಲ್ಲಿ ಬರೆಯಬೇಕಾದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ:

'ಕೊಲೆಯಾದ ತಕ್ಷಣ ಲೇಡಿ ಮ್ಯಾಕ್‌ಬೆತ್ ರಕ್ತವನ್ನು "ಅ ಲಿಟಲ್ ವಾಟರ್"ನಲ್ಲಿ ಹೋಗುವ ಕೊಳೆಯಂತೆ ಕಾಣುತ್ತಾಳೆ. "ಲಿಟಲ್" ಎಂಬ ಒಂದು ಪದದಲ್ಲಿ ಶೇಕ್ಸ್‌ಪಿಯರ್ ಅವಳ ಧೈರ್ಯವನ್ನೂ, ಅವಳ ಲೆಕ್ಕ ಎಷ್ಟು ತಪ್ಪಿದೆ ಎಂಬುದನ್ನೂ ಒಟ್ಟಿಗೆ ಇಡುತ್ತಾನೆ. ಐದನೇ ಅಂಕದಲ್ಲಿ ಅದೇ ಪದ "ದಿಸ್ ಲಿಟಲ್ ಹ್ಯಾಂಡ್" ಎಂದು ಮರಳಿ ಬರುವಾಗ ಸಣ್ಣದಾಗಿ ಕಾಣುವುದು ಅವಳೇ. ಹಿಂದೆ ಗಂಡ ಆಡಿದ್ದ ಅತಿಶಯದ ಮಾತಿನ ಧಾಟಿ ಈಗ ಅವಳ ಬಾಯಲ್ಲಿ ಕೇಳುತ್ತದೆ. ಹೀಗಾಗಿ ಅವಳ ಕುಸಿತ ಇದ್ದಕ್ಕಿದ್ದಂತೆ ಬಂದ ಹುಚ್ಚಾಗಿ ಅಲ್ಲದೆ, ಆ ರಾತ್ರಿಯೇ ಮುಂದೂಡಿದ್ದ ಭಯವಾಗಿ ಪ್ರೇಕ್ಷಕರಿಗೆ ಕಾಣಬಹುದು.'

ನಿಮ್ಮ ಹಳೆಯ ಉತ್ತರಕ್ಕಿಂತ ಇದರಲ್ಲಿ ಕಥೆ ಕಡಿಮೆ ಇದೆ. ಉದಾಹರಿಸಿದ ಸಾಲುಗಳೂ ಚಿಕ್ಕವು. ಎರಡೇ ಎರಡು ತುಣುಕು. ಆದರೆ ಎರಡನ್ನೂ ಹಿಂಡಿ ರಸ ತೆಗೆಯಲಾಗಿದೆ. 'ಕಾಣಬಹುದು' ಅಂತ ಕೊನೆಗೆ ಸ್ವಲ್ಪ ಹಿಡಿದು ಹೇಳಿದ್ದನ್ನೂ ನೋಡಿ. ಸಾಹಿತ್ಯದಲ್ಲಿ ಎಲ್ಲವನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಬಾರದು, ನಿಜ. ಆದರೆ 'ಇದು ಇದೇ' ಅಂತ ಮೇಜು ಕುಟ್ಟಿ ಹೇಳುವುದೂ ಬೇಡ. ಇಂಗ್ಲಿಷ್‌ನಲ್ಲಿ 'ಸಜೆಸ್ಟ್ಸ್', 'ಇಂಪ್ಲೈಸ್', 'ಪರ್ಹ್ಯಾಪ್ಸ್' ಇರುವುದು ಇದಕ್ಕೇ. 'ಶೋಸ್' ಅನ್ನುವ ಒಂದೇ ಕ್ರಿಯಾಪದವನ್ನು ಪುಟದ ತುಂಬಾ ಉಜ್ಜಬೇಡಿ.

ಹಾಗಾದರೆ ಯಾವ ಪಾತ್ರವೇ ಬಂದರೂ ಎಲ್ಲೆಲ್ಲಿ ನೋಡಬೇಕು? ಮೊದಲು ಪ್ರವೇಶ. ಪಾತ್ರ ಬರುವ ಮೊದಲು ಅದರ ಬಗ್ಗೆ ಯಾರು ಏನು ಹೇಳಿದರು, ಬಂದ ಮೇಲೆ ಮೊದಲ ಮಾತು ಏನು. ಮ್ಯಾಕ್‌ಬೆತ್ ವೇದಿಕೆಗೆ ಬರುವ ಮೊದಲೇ ಗಾಯಗೊಂಡ ಸೈನಿಕನೊಬ್ಬ ಅವನ ಶೌರ್ಯವನ್ನು ಹಾಡಿಹೊಗಳಿರುತ್ತಾನೆ. ಆಮೇಲೆ ಅವನು ಬಂದು ಆಡುವ ಮೊದಲ ಸಾಲಿನಲ್ಲಿ 'ಫೌಲ್' ಮತ್ತು 'ಫೇರ್' ಪದಗಳು ಜೊತೆಯಾಗಿ ಬರುತ್ತವೆ. ಅವೇ ಪದಗಳನ್ನು ಮೊದಲ ದೃಶ್ಯದಲ್ಲಿ ಮಾಟಗಾತಿಯರು ಆಡಿದ್ದರು. ಅವರನ್ನು ಅವನು ಇನ್ನೂ ಭೇಟಿಯೇ ಆಗಿಲ್ಲ. ಆಗಲೇ ಅವರ ಮಾತು ಅವನ ನಾಲಿಗೆ ಮೇಲಿದೆ. ಯಾರೂ ಏನೂ ವಿವರಿಸದೆ ನಾಟಕಕಾರ ನಮಗೆ ಸುಳಿವು ಕೊಟ್ಟುಬಿಟ್ಟಿದ್ದಾನೆ.

ಎರಡನೆಯದು, ಬೇರೆಯವರ ಅಭಿಪ್ರಾಯ. ಇಲ್ಲಿ ತುಂಬಾ ಜನ ಎಡವುತ್ತಾರೆ. ನಾಟಕದ ಕೊನೆಯಲ್ಲಿ ಮಾಲ್ಕಮ್ ಮ್ಯಾಕ್‌ಬೆತ್‌ನನ್ನು ಕಟುಕ ಅನ್ನುತ್ತಾನೆ, ಅವನ ರಾಣಿಯನ್ನು ಪಿಶಾಚಿಯಂಥವಳು ಅನ್ನುತ್ತಾನೆ. ಅದನ್ನು ಶೇಕ್ಸ್‌ಪಿಯರ್‌ನದ್ದೇ ತೀರ್ಪು ಅಂತ ಎತ್ತಿ ಬರೆದುಬಿಡುತ್ತಾರೆ. ಹೇಳುತ್ತಿರುವುದು ಯಾರು? ಕೊಲೆಯಾದ ರಾಜನ ಮಗ, ಈಗ ತಾನೇ ಸಿಂಹಾಸನಕ್ಕೆ ಬರುತ್ತಿರುವವನು. ಅವನು ಹಾಗೆ ಹೇಳದೆ ಇನ್ನೇನು ಹೇಳುತ್ತಾನೆ? ಅವಳು ನಿದ್ದೆಯಲ್ಲಿ ಕೈ ಉಜ್ಜಿಕೊಂಡಿದ್ದನ್ನು ಅವನು ನೋಡಿಲ್ಲ. ನಾವು ನೋಡಿದ್ದೇವೆ. ಅವನ ಮಾತಿಗೂ ನಮ್ಮ ಅನುಭವಕ್ಕೂ ಇರುವ ಬಿರುಕಿನಲ್ಲೇ ಬರೆಯಲು ಬೇಕಾದಷ್ಟಿದೆ. ಹೇಳಿದವರು ಯಾರು, ಅವರಿಗೆ ಏನು ಲಾಭ, ಅವರಿಗೆ ಎಷ್ಟು ಗೊತ್ತು ಅಂತ ಕೇಳದೆ ಯಾವ ಪಾತ್ರದ ಅಭಿಪ್ರಾಯವನ್ನೂ ನಂಬಬೇಡಿ. ರಾಜ ಡಂಕನ್‌ನದ್ದೂ ಅಷ್ಟೇ. ತನಗೆ ದ್ರೋಹ ಬಗೆದ ಹಿಂದಿನ ಕಾಡರ್ ಸರದಾರನ ಮೇಲೆ ಪೂರ್ತಿ ನಂಬಿಕೆ ಇಟ್ಟಿದ್ದೆ, ಮುಖ ನೋಡಿ ಮನಸ್ಸು ತಿಳಿಯಲು ಆಗುವುದಿಲ್ಲ ಅನ್ನುತ್ತಾನೆ. ಆ ಮಾತು ಮುಗಿಯುವ ಹೊತ್ತಿಗೆ ಹೊಸ ಕಾಡರ್ ಆಗಿ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಡಂಕನ್‌ನ ಸ್ವಭಾವವೂ, ಮ್ಯಾಕ್‌ಬೆತ್‌ನ ಮುಂದಿನ ದಾರಿಯೂ ಒಂದೇ ಪ್ರವೇಶದಲ್ಲಿ ಗೊತ್ತಾಗುತ್ತದೆ.

ಹೆಸರನ್ನೂ ನೋಡಿ, ಹೆಸರು ಇಲ್ಲದಿರುವುದನ್ನೂ ನೋಡಿ. ಸ್ಟೈನ್‌ಬೆಕ್‌ನ 1937ರ 'ಆಫ್ ಮೈಸ್ ಅಂಡ್ ಮೆನ್' ಕಾದಂಬರಿಯಲ್ಲಿ ಕರ್ಲಿಯ ಹೆಂಡತಿಗೆ ಕೊನೆಯವರೆಗೂ ಸ್ವಂತ ಹೆಸರೇ ಇಲ್ಲ. ಅವಳ ಬಗ್ಗೆ ಬರೆಯುವ ಉತ್ತರ ಅಲ್ಲಿಂದಲೇ ಶುರುವಾಗಬಹುದು. 'ಮರ್ಚೆಂಟ್ ಆಫ್ ವೆನಿಸ್'ನಲ್ಲಿ ಶೈಲಾಕ್ ಬರುವುದು ಐದೇ ದೃಶ್ಯಗಳಲ್ಲಿ. ಆದರೂ ನಾಟಕ ಮುಗಿದ ಮೇಲೆ ತಲೆಯಲ್ಲಿ ಉಳಿಯುವುದು ಅವನೇ. ಸುತ್ತಲಿನವರು ಅವನನ್ನು ಹೆಸರು ಬಿಟ್ಟು 'ಯಹೂದಿ' ಅಂತಲೇ ಮತ್ತೆ ಮತ್ತೆ ಕರೆಯುತ್ತಾರೆ. ಇಷ್ಟು ಕಡಿಮೆ ಜಾಗದಲ್ಲಿ ಅವನು ಅಷ್ಟು ದೊಡ್ಡದಾಗಿ ಬೆಳೆದಿದ್ದು ಹೇಗೆ ಅನ್ನುವುದೇ ಒಂದು ಒಳ್ಳೆಯ ಪ್ರಶ್ನೆ, ಅಲ್ವಾ?

ನಾಟಕ ಬಿಟ್ಟು ಕಾದಂಬರಿ ಬಂದರೆ ಇನ್ನೊಬ್ಬರು ಸೇರಿಕೊಳ್ಳುತ್ತಾರೆ, ನಿರೂಪಕರು. ಪಾತ್ರವನ್ನು ನಾವು ನೇರವಾಗಿ ನೋಡುವುದಿಲ್ಲ, ಅವರ ಕಣ್ಣಿನಿಂದ ನೋಡುತ್ತೇವೆ. ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' 1843ರದ್ದು. ಅದರ ನಿರೂಪಕ ಕಥೆಯ ನಾಯಕನಾದ ಜಿಪುಣ ಸ್ಕ್ರೂಜ್‌ನನ್ನು ಮೊದಲ ಪುಟಗಳಲ್ಲೇ ಬೈದು ಬಿಸಾಕುತ್ತಾನೆ. ಬೈಯುವುದರಲ್ಲೂ ಜಾಣತನ ಇದೆ. ಸ್ಕ್ರೂಜ್ ಸಿಂಪಿಯ ಹಾಗೆ ಒಂಟಿ ಅನ್ನುತ್ತಾನೆ. ಸಿಂಪಿಯ ಹೊರಗೆ ಗಟ್ಟಿ ಚಿಪ್ಪು ಇರುತ್ತದೆ, ಒಳಗೆ ಮುತ್ತು ಇದ್ದರೂ ಇರಬಹುದು. ಕೊನೆಯಲ್ಲಿ ಅವನು ಬದಲಾಗುತ್ತಾನೆ ಅನ್ನುವುದರ ಸುಳಿವು ಮೊದಲ ಬೈಗುಳದಲ್ಲೇ ಇದೆ ಅಂತ ವಾದಿಸಬಹುದು. ಅದೇ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ನಲ್ಲಿ ತನ್ನ ಕಥೆಯನ್ನು ತಾನೇ ಹೇಳುವ ಪಿಪ್ ಒಬ್ಬನೇ ಆದರೂ ಇಬ್ಬರಿದ್ದ ಹಾಗೆ. ನಡೆದದ್ದನ್ನು ಅನುಭವಿಸುವ ಹುಡುಗ ಒಬ್ಬ, ದೊಡ್ಡವನಾದ ಮೇಲೆ ಅದನ್ನು ನೆನೆದು ಹೇಳುವವನು ಇನ್ನೊಬ್ಬ. ಹುಡುಗ ಪಿಪ್ ಮಾಡಿದ ಸಣ್ಣತನಕ್ಕೆ ದೊಡ್ಡ ಪಿಪ್ ನಾಚಿಕೊಳ್ಳುತ್ತಾನೆ. ಇದನ್ನು ಬೇರೆ ಮಾಡಿ ಹೇಳಿದರೆ ನಿಮ್ಮ ಉತ್ತರ ಉಳಿದವುಗಳಿಗಿಂತ ಎದ್ದು ಕಾಣುತ್ತದೆ. ಇನ್ನು 1886ರಲ್ಲಿ ಬಂದ ಸ್ಟೀವನ್‌ಸನ್‌ನ ಕಥೆ 'ಜೆಕಿಲ್ ಅಂಡ್ ಹೈಡ್' ಇದಕ್ಕೆ ತದ್ವಿರುದ್ಧ. ಹೈಡ್‌ನನ್ನು ಕಂಡವರಿಗೆ ಅಸಹ್ಯ ಆಗುತ್ತದೆ, ಆದರೆ ಅವನ ರೂಪದಲ್ಲಿ ಕೆಟ್ಟದ್ದು ಏನು ಅಂತ ಬೊಟ್ಟು ಮಾಡಿ ಹೇಳಲು ಬರುವುದಿಲ್ಲ. ವರ್ಣನೆ ಸೋಲುವುದೇ ಅಲ್ಲಿ ಪಾತ್ರಚಿತ್ರಣ.

ಸಣ್ಣ ಪಾತ್ರ ಬಂದರೆ ಹೆದರಬೇಡಿ. ಇದನ್ನು ಕಿತ್ತುಹಾಕಿದರೆ ಕೃತಿಯಲ್ಲಿ ಏನು ಕುಸಿಯುತ್ತದೆ ಅಂತ ಯೋಚಿಸಿ. ಮ್ಯಾಕ್‌ಬೆತ್‌ನ ಜೊತೆಗಿದ್ದ ಸೇನಾನಿ ಬ್ಯಾಂಕೋ ಇಲ್ಲದಿದ್ದರೆ, ಮಾಟಗಾತಿಯರು ನುಡಿದ ಭವಿಷ್ಯ ಕೇಳಿದವನು ಮ್ಯಾಕ್‌ಬೆತ್ ಒಬ್ಬನೇ ಆಗುತ್ತಿದ್ದ. ಆಗ ಎಲ್ಲ ತಪ್ಪನ್ನೂ ಮಾಟಗಾತಿಯರ ತಲೆಗೆ ಕಟ್ಟಬಹುದಿತ್ತು. ಅದೇ ಮಾತನ್ನು ಕೇಳಿಯೂ ಕೊಲೆ ಮಾಡದ ಇನ್ನೊಬ್ಬ ಪಕ್ಕದಲ್ಲೇ ಇರುವುದರಿಂದ ಹಾಗೆ ಹೇಳಲು ಆಗುವುದಿಲ್ಲ. ಇ. ಎಂ. ಫಾರ್‌ಸ್ಟರ್ 1927ರಲ್ಲಿ ಪಾತ್ರಗಳನ್ನು 'ಫ್ಲ್ಯಾಟ್' (ಒಂದೇ ಗುಣದ ಸುತ್ತ ಕಟ್ಟಿದ್ದು) ಮತ್ತು 'ರೌಂಡ್' ಅಂತ ವಿಂಗಡಿಸಿದರು. ನಂಬುವಂಥ ರೀತಿಯಲ್ಲಿ ನಮ್ಮನ್ನು ಚಕಿತಗೊಳಿಸಬಲ್ಲ ಪಾತ್ರವೇ ರೌಂಡ್ ಅಂದರು. ಪದ ಉಪಯೋಗಕ್ಕೆ ಬರುತ್ತದೆ, ಆದರೆ 'ಇದು ಫ್ಲ್ಯಾಟ್ ಪಾತ್ರ' ಅಂತ ಮೊಹರು ಒತ್ತಿ ಮುಂದೆ ಹೋದರೆ ಏನೂ ಹೇಳಿದಂತಾಗಲಿಲ್ಲ. 'ಹಮಾರ್ಷಿಯಾ' (ನಾಯಕನನ್ನು ಬೀಳಿಸುವ ತಪ್ಪು), 'ಫಾಯಿಲ್' (ಹೋಲಿಕೆಯಿಂದ ಇನ್ನೊಂದು ಪಾತ್ರವನ್ನು ಎದ್ದು ಕಾಣಿಸುವ ಪಾತ್ರ) ಥರದ ಪದಗಳ ಗತಿಯೂ ಇಷ್ಟೇ. ಪದ ಹಾಕಿದ್ದಕ್ಕೆ ಮಾರ್ಕ್ಸ್ ಬರುವುದಿಲ್ಲ. ಆ ಪದ ನಿಮ್ಮ ವಾದವನ್ನು ಒಂದು ಹೆಜ್ಜೆ ಮುಂದೆ ತಳ್ಳಿದರೆ ಬರುತ್ತದೆ.

ಕಾಲದ ಹಿನ್ನೆಲೆ ಬರೆಯಬೇಕಾ ಅಂತ ನೀವು ಕೇಳಿಲ್ಲ, ಆದರೆ ಪರೀಕ್ಷೆಯಲ್ಲಿ ಅದಕ್ಕೂ ಪಾಲು ಇರುವುದುಂಟು. ಮೊದಲನೇ ಜೇಮ್ಸ್ ಇಂಗ್ಲೆಂಡಿನ ರಾಜನಾಗಿದ್ದು 1603ರಲ್ಲಿ. ಮಾಟದ ಬಗ್ಗೆ ಅವನೇ 1597ರಲ್ಲಿ ಒಂದು ಪುಸ್ತಕ ಬರೆದಿದ್ದ. 1605ರಲ್ಲಿ ಅವನನ್ನು ಸಂಸತ್ತಿನ ಸಮೇತ ಸಿಡಿಸುವ ಪಿತೂರಿ ಬಯಲಾಯಿತು. ನಾಟಕ ಅದರ ಆಸುಪಾಸಿನಲ್ಲೇ ಬಂತು. ಇದನ್ನೆಲ್ಲ ಉತ್ತರದ ಆರಂಭದಲ್ಲಿ ಒಂದು ಪ್ಯಾರಾ ಮಾಡಿ ಸುರಿದರೆ ಇತಿಹಾಸದ ಪೇಪರ್ ಆಗುತ್ತದೆ. ಪಾತ್ರದ ಒಂದು ಮಾತಿಗೆ ಗಂಟು ಹಾಕಿ. ರಾಜಹತ್ಯೆ ಅಂದರೆ ದೇವರ ವಿರುದ್ಧದ ಪಾಪ ಅಂತ ನಂಬಿದ್ದ ಪ್ರೇಕ್ಷಕರ ಮುಂದೆ 'ಸ್ವಲ್ಪ ನೀರು ಸಾಕು' ಅನ್ನುವ ಮಾತು ಎಷ್ಟು ಭಯಂಕರವಾಗಿ ಕೇಳಿರಬೇಕು? ಇಷ್ಟೇ ಸಾಕು. ಅಂದ ಹಾಗೆ, ಆಗಿನ ಇಂಗ್ಲಿಷ್ ರಂಗದಲ್ಲಿ ಹೆಣ್ಣಿನ ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ನನ್ನ ಹೆಣ್ತನ ಕಿತ್ತುಹಾಕಿ ಅನ್ನುವ ಮಾತನ್ನು ಮೊದಲು ಆಡಿದವನೂ ಒಬ್ಬ ಹುಡುಗನೇ ಇರಬೇಕು. ಚೆಂದದ ವಿಷಯ, ಆದರೆ ಅದನ್ನೇ ಹಿಡಿದು ಜೋತಾಡಬೇಡಿ.

ಪಾಯಿಂಟ್, ಎವಿಡೆನ್ಸ್, ಎಕ್ಸ್‌ಪ್ಲೇನ್, ಲಿಂಕ್ ಅನ್ನುವ ಅಚ್ಚು ನಿಮಗೂ ಹೇಳಿಕೊಟ್ಟಿರುತ್ತಾರೆ. ಅದು ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಟ್ಯೂಬ್ ಇದ್ದ ಹಾಗೆ. ಮುಳುಗದಂತೆ ಕಾಪಾಡುತ್ತದೆ, ವೇಗವಾಗಿ ಹೋಗಲು ಬಿಡುವುದಿಲ್ಲ. ಅದರಲ್ಲಿ ಎಕ್ಸ್‌ಪ್ಲೇನ್ ಅನ್ನುವ ಭಾಗಕ್ಕೆ ಎಲ್ಲರೂ ಒಂದು ವಾಕ್ಯ ಕೊಟ್ಟು ಮುಗಿಸುತ್ತಾರೆ. ನೀವು ಮೂರ್ನಾಲ್ಕು ವಾಕ್ಯ ಕೊಡಿ. ಸಾಲಿನಿಂದ ಒಂದು ಪದ ಆರಿಸಿ, ಅದೇ ಪದ ಯಾಕೆ ಅಂತ ಹೇಳಿ, ಬೇರೆ ಅರ್ಥ ಇರಬಹುದಾ ನೋಡಿ, ಕೃತಿಯ ಇನ್ನೊಂದು ಜಾಗಕ್ಕೆ ಕೊಂಡಿ ಹಾಕಿ.

ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಯ ಪದಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 'ಲೇಡಿ ಮ್ಯಾಕ್‌ಬೆತ್‌ಳನ್ನು ಬಲಶಾಲಿ ಹೆಣ್ಣಾಗಿ ಎಷ್ಟರ ಮಟ್ಟಿಗೆ ಚಿತ್ರಿಸಲಾಗಿದೆ' ಅಂತ ಕೇಳಿದರೆ, ನಿಮಗೆ ಗೊತ್ತಿರುವುದನ್ನೆಲ್ಲ ಬರೆಯುವ ಹಾಗಿಲ್ಲ. 'ಎಷ್ಟರ ಮಟ್ಟಿಗೆ' ಅನ್ನುವುದಕ್ಕೆ ಮೊದಲ ವಾಕ್ಯದಲ್ಲೇ ಉತ್ತರ ಬೇಕು. ಆ ವಾಕ್ಯದಲ್ಲಿ ಒಂದು 'ಆದರೆ' ಇದ್ದರೆ ಒಳ್ಳೆಯದು. ಬಲಶಾಲಿಯಾಗಿ ಕಾಣುತ್ತಾಳೆ, ಆದರೆ ಆ ಬಲ ಬೇಡಿ ತಂದದ್ದು. ಇಡೀ ಉತ್ತರ ಈ 'ಆದರೆ'ಯ ಮೇಲೆ ನಿಲ್ಲುತ್ತದೆ. ಮುಕ್ಕಾಲು ಗಂಟೆ ಸಮಯ ಇದ್ದರೆ ಮೊದಲ ಐದಾರು ನಿಮಿಷ ಬರೆಯಬೇಡಿ, ಮೂರು ಕ್ಷಣಗಳನ್ನು ಆರಿಸಿ ಗುರುತು ಹಾಕಿಕೊಳ್ಳಿ. ಕೃತಿಯ ಒಂದು ಭಾಗವನ್ನು ಕೊಟ್ಟು ಕೇಳಿದ್ದರೆ ಅಲ್ಲಿಂದಲೇ ಹೆಚ್ಚು ಎತ್ತಿಕೊಳ್ಳಿ. ಅದು ಕಥೆಯ ಯಾವ ಹಂತದಲ್ಲಿ ಬರುತ್ತದೆ, ಅದಕ್ಕೆ ಮೊದಲು ಪಾತ್ರ ಹೇಗಿತ್ತು, ಆಮೇಲೆ ಏನಾಯಿತು ಅಂತ ಕೊಂಡಿ ಹಾಕಿ. ಉದ್ದದ ಸಾಲುಗಳನ್ನು ಉರುಹೊಡೆಯುವ ಅಗತ್ಯ ಇಲ್ಲ. ಎರಡು ಮೂರು ಪದದ ತುಣುಕುಗಳು ಸಾಕು, ಅವು ನಿಮ್ಮ ವಾಕ್ಯದೊಳಗೇ ಹೊಂದಿಕೊಳ್ಳುತ್ತವೆ. ಇನ್ನೊಂದು ಸಣ್ಣ ವಿಷಯ. ನಾಟಕವನ್ನು 'ಪುಸ್ತಕ' ಅನ್ನಬೇಡಿ, 'ಓದುಗರು' ಅನ್ನುವ ಬದಲು 'ಪ್ರೇಕ್ಷಕರು' ಅನ್ನಿ. ಅದು ರಂಗದ ಮೇಲೆ ನಡೆಯುತ್ತದೆ ಅನ್ನುವ ಅರಿವು ನಿಮಗಿದೆ ಅಂತ ಆಗಲೇ ಗೊತ್ತಾಗುತ್ತದೆ.

ಓದುವಾಗ ಒಂದೊಂದು ಮುಖ್ಯ ಪಾತ್ರಕ್ಕೆ ಒಂದೊಂದು ಹಾಳೆ ಇಟ್ಟುಕೊಳ್ಳಿ. ಗುಣಗಳ ಪಟ್ಟಿ ಬೇಡ. ನಾಲ್ಕೈದು ಕ್ಷಣಗಳು, ಪ್ರತಿಯೊಂದಕ್ಕೂ ಒಂದು ಪುಟ್ಟ ತುಣುಕು, ಕೆಳಗೆ ಆ ಪಾತ್ರದ ಒಂದು ವಿರೋಧಾಭಾಸ. ಯಾವ ಪ್ರಶ್ನೆ ಬಂದರೂ ಆ ವಿರೋಧಾಭಾಸದಿಂದ ಉತ್ತರ ಹೊರಡಿಸಬಹುದು.

ಈಗ ನೀವೇ ಮಾಡಿ ನೋಡಲು ಒಂದು ಕೆಲಸ. ಮೂರನೇ ಅಂಕದ ಎರಡನೇ ದೃಶ್ಯ ತೆಗೆಯಿರಿ. ಲೇಡಿ ಮ್ಯಾಕ್‌ಬೆತ್ ಒಬ್ಬಳೇ ಇರುವಾಗ, ಎಲ್ಲ ಕಳೆದುಕೊಂಡು ಏನೂ ಪಡೆದಂತಾಗಲಿಲ್ಲ ಅನ್ನುವ ಅರ್ಥದ ನಾಲ್ಕು ಸಾಲು ಹೇಳುತ್ತಾಳೆ. ಮರುಕ್ಷಣ ಗಂಡ ಬರುತ್ತಾನೆ. ಅವಳು ದನಿ ಬದಲಿಸಿ, ಆಗಿಹೋದದ್ದನ್ನು ಯೋಚಿಸಬಾರದು ಅಂತ ಅವನಿಗೇ ಬುದ್ಧಿ ಹೇಳುತ್ತಾಳೆ. ಅವನೂ ಬ್ಯಾಂಕೋವನ್ನು ಕೊಲ್ಲಿಸುವ ಏರ್ಪಾಡನ್ನು ಅವಳಿಗೆ ಹೇಳದೆ, ಅದು ನಿನಗೆ ಗೊತ್ತಿಲ್ಲದಿರುವುದೇ ಒಳ್ಳೆಯದು ಅನ್ನುತ್ತಾನೆ. ಮೊದಲ ಅಂಕದ ಕಾಗದದಲ್ಲಿ ಅವಳನ್ನು ಹಿರಿಮೆಯ 'ಪಾರ್ಟ್‌ನರ್' ಎಂದು ಕರೆದಿದ್ದವನು ಇಲ್ಲಿ ಮಕ್ಕಳನ್ನು ಮುದ್ದಿಸುವ ಹಾಗೆ 'ಚಕ್' ಅನ್ನುತ್ತಾನೆ. ಕೊಲೆಯ ರಾತ್ರಿಗೂ ನಿದ್ದೆಯ ನಡಿಗೆಗೂ ನಡುವಿನ ಮೆಟ್ಟಿಲು ಇದು. ಇಬ್ಬರೂ ಒಬ್ಬರಿಂದೊಬ್ಬರು ಏನನ್ನು ಮುಚ್ಚಿಡುತ್ತಿದ್ದಾರೆ, ಅದು ಯಾವ ಯಾವ ಪದದಲ್ಲಿ ಕಾಣುತ್ತದೆ ಅಂತ ಒಂದು ಪ್ಯಾರಾ ಬರೆಯಿರಿ. ನಿಮ್ಮ ಹಳೆಯ ಮೂರು ಪುಟಗಳಲ್ಲಿ ಈ ದೃಶ್ಯದ ಪ್ರಸ್ತಾಪ ಇದೆಯಾ ಅಂತಲೂ ಒಮ್ಮೆ ತಿರುವಿ ನೋಡಿ.